ನಿಂತ ಸ್ಕೂಟರಿನ ನೀಲಿ ಹೊಗೆ: ಕಲ್ಲೂರಿನ ಒಂದು ಯಂತ್ರವನ್ನು ಕುರಿತ ವಿಚಾರ

೧. ಪ್ರಸ್ತಾವನೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಸ್ಕೂಟರಿನ ಎಂಜಿನ್ನನ್ನು ಕುರಿತ ಲೇಖನವೊಂದು ಕಾಣಿಸಿಕೊಂಡರೆ ಓದುಗರಿಗೆ ಆಶ್ಚರ್ಯವಾಗುವುದು ಸಹಜ. ಶಾಸನ, ನಾಣ್ಯ, ಕಡತ, ಕೈಫಿಯತ್ತುಗಳನ್ನು ಆಧಾರವಾಗಿಟ್ಟುಕೊಂಡು ನಡೆಯತಕ್ಕ ನಮ್ಮ ವ್ಯಾಸಂಗಕ್ಕೂ, ಎಣ್ಣೆಯನ್ನು ಸುಟ್ಟು ನೀಲಿ ಹೊಗೆಯನ್ನು ಕಾರುವ ಯಂತ್ರಕ್ಕೂ ಏನು ಸಂಬಂಧವೆಂದು ಅವರು ಕೇಳಬಹುದು. ಸಂಬಂಧವು ಎರಡು ಬಗೆಯದು. ಮೊದಲನೆಯದಾಗಿ, ಹಳೆಯ ಸ್ಕೂಟರು ಈಗ ಚರಿತ್ರೆಯ ಸಾಮಗ್ರಿಗಳ ಸಾಲಿಗೆ ಸೇರುತ್ತಿದೆ. ಅದನ್ನು ಗುಜರಿಗೆ ಹೋಗದಂತೆ ಉಳಿಸಿಕೊಳ್ಳುವುದು ಹೇಗೆಂಬುದು ನಮ್ಮ ಪ್ರಶ್ನೆಯೂ ಆಗಿದೆ. ಎರಡನೆಯದಾಗಿ, ಒಂದು ಚಿಹ್ನೆಯನ್ನು ಕಂಡು ಅದರ ಕಾರಣವನ್ನು ಊಹಿಸುವಾಗ ಆಗತಕ್ಕ ತಪ್ಪುಗಳು ಶಾಸನದ ಓದಿನಲ್ಲಿಯೂ ಯಂತ್ರದ ಪರೀಕ್ಷೆಯಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ.

ಈ ವಿಚಾರಕ್ಕೆ ಸಂದರ್ಭವನ್ನೊದಗಿಸಿದ್ದು ರಾಯಚೂರು ಜಿಲ್ಲೆಯ ಕಲ್ಲೂರು. ರಾಯಚೂರಿನಿಂದ ಸಿರವಾರದ ಕಡೆಗೆ ಹೋಗುವ ಹಾದಿಯಲ್ಲಿರುವ ಈ ಊರು ಮಹಾಲಕ್ಷ್ಮಿಯ ಸನ್ನಿಧಿಯಿಂದಾಗಿ ಸುತ್ತಣ ಜನರಿಗೆಲ್ಲ ಪರಿಚಿತವಾದುದು. ದೇವಾಲಯವನ್ನು ನೋಡಲು ವಿದ್ಯಾರ್ಥಿಗಳೊಡನೆ ಹೋಗಿದ್ದಾಗ, ನಿವೃತ್ತ ಶಾಲಾ ಮುಖ್ಯೋಪಾಧ್ಯಾಯರೊಬ್ಬರು ನಮ್ಮನ್ನು ತಮ್ಮ ಮನೆಗೆ ಕರೆದೊಯ್ದು, ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲಗಳ ಪಕ್ಕದಲ್ಲಿ ನಿಂತಿದ್ದ ಸ್ಕೂಟರೊಂದನ್ನು ತೋರಿಸಿದರು. ಅದು ಹನ್ನೊಂದು ವರ್ಷಗಳಿಂದ ಅಲ್ಲಿಯೇ ನಿಂತಿತ್ತು. ಮೊಮ್ಮಗನ ಒತ್ತಾಯದಿಂದ ಹೊಸ ಪ್ಲಗ್ಗು ಹಾಕಿಸಿ ಕಿಕ್ಕು ಹೊಡೆಸಿದಾಗ ಎಂಜಿನ್ನು ಎದ್ದಿತು. ಆದರೆ ಓಣಿಯೆಲ್ಲ ಹೊಗೆ ತುಂಬಿತು. ನೋಡಲು ಬಂದ ಮೇಸ್ತ್ರಿ, “ರಿಂಗ್ ಹೋಗ್ಯಾವ್ರಿ ಸರ, ಎಂಜಿನ್ ಬಿಚ್ಚಿ ಬೋರ್ ಮಾಡಸಬೇಕು” ಎಂದು ತೀರ್ಪಿತ್ತಿದ್ದನು. ಮುಖ್ಯೋಪಾಧ್ಯಾಯರಿಗೆ ಈ ತೀರ್ಪಿನಲ್ಲಿ ಸಂಶಯವಿತ್ತು. ಅವರು ನಮಗೆ ಹೇಳಿದ ಮಾತು ಇಷ್ಟೆ: “ಬಿಚ್ಚೋದಾದ್ರ ಬಿಚ್ಚಲಿ, ಆದ್ರ ಕೆಡಸಬಾರದು ನೋಡ್ರಿ.”

ಈ ಲೇಖನವು ಆ ಮಾತಿಗೆ ಕೊಟ್ಟ ಉತ್ತರವೆಂದು ಓದುಗರು ತಿಳಿಯಬಹುದು.

೨. ವಸ್ತುವಿನ ಹಿನ್ನೆಲೆ

ನಾವು ಇಂದು ಸ್ಕೂಟರೆಂದು ಕರೆಯುವ ವಾಹನದ ರೂಪವು ಎರಡನೆಯ ಮಹಾಯುದ್ಧದ ನಂತರ ಇಟಲಿಯಲ್ಲಿ ನೆಲೆಗೊಂಡಿತು. ಪಿಯಾಜಿಯೋ ಸಂಸ್ಥೆಯ ವೆಸ್ಪಾ ೧೯೪೬ರಲ್ಲಿಯೂ, ಮಿಲಾನಿನ ಇನ್ನೊಚೆಂಟಿ ಸಂಸ್ಥೆಯ ಲ್ಯಾಂಬ್ರೆಟ್ಟಾ ೧೯೪೭ರಲ್ಲಿಯೂ ಮಾರುಕಟ್ಟೆಗೆ ಬಂದವು. ವೆಸ್ಪಾದ ರೂಪವನ್ನು ಕಲ್ಪಿಸಿದ ಕೊರಾದಿನೋ ದಾಸ್ಕಾನಿಯೋ ಮೂಲತಃ ವಿಮಾನ ಶಿಲ್ಪಿ. ಎರಡು ವಾಹನಗಳಿಗೂ ಟೂ ಸ್ಟ್ರೋಕ್ ಎಂದು ರೂಢಿಯಲ್ಲಿರುವ ಎಂಜಿನ್ನೇ ಆಧಾರವಾಗಿತ್ತು. ಭಾಗಗಳು ಕಡಿಮೆ, ಬೆಲೆ ಕಡಿಮೆ, ರಿಪೇರಿಯೂ ಸುಲಭ.

ಭಾರತದಲ್ಲಿ ಲ್ಯಾಂಬ್ರೆಟ್ಟಾವನ್ನು ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯೂ, ವೆಸ್ಪಾವನ್ನು ಪಿಯಾಜಿಯೋದ ಪರವಾನಗಿಯ ಮೇರೆಗೆ ಬಜಾಜ್ ಸಂಸ್ಥೆಯೂ ಸಿದ್ಧಪಡಿಸಿದವು. ಪರವಾನಗಿಯ ಅವಧಿ ಮುಗಿದ ಬಳಿಕ ೧೯೭೨ರಲ್ಲಿ ಬಜಾಜ್ ಚೇತಕ್ ಹೊರಬಂದಿತು. ಅದೇ ವರ್ಷ ಕೇಂದ್ರ ಸರ್ಕಾರವು ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಸಂಸ್ಥೆಯನ್ನು ಸ್ಥಾಪಿಸಿ, ಲ್ಯಾಂಬ್ರೆಟ್ಟಾದ ಯಂತ್ರಸಾಮಗ್ರಿಯನ್ನು ಇಟಲಿಯಿಂದ ಲಖನೌಗೆ ತರಿಸಿತು. ಕರ್ನಾಟಕದಲ್ಲಿ ಟೂ ಸ್ಟ್ರೋಕ್ ಎಂಜಿನ್ನಿನ ಪ್ರಖ್ಯಾತ ನೆಲೆಯೆಂದರೆ ಮೈಸೂರು. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯು ತಯಾರಿಸುತ್ತಿದ್ದುದು ಸ್ಕೂಟರನ್ನಲ್ಲ, ಮೋಟಾರ್ ಸೈಕಲನ್ನು. ಮೊದಲು ಜಾವಾ ಎಂಬ ಹೆಸರಿನಲ್ಲಿ, ೧೯೭೩ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತಾದರೂ, ಅಲ್ಲಿ ಹುಟ್ಟಿದ ಯಂತ್ರಗಳನ್ನು ಕೊಟ್ಟಿಗೆಗಳಿಂದ ಹೊರತೆಗೆದು ನಡೆಸುವ ಹವ್ಯಾಸವು ನಮ್ಮ ನಾಡಿನಲ್ಲಿ ಇಂದಿಗೂ ಜೀವಂತವಾಗಿದೆ. ಮುಂದೆ ಹೇಳತಕ್ಕ ಮಾತುಗಳಲ್ಲಿ ಬಹುಭಾಗವು ಆ ಯಂತ್ರಗಳಿಗೂ ಅನ್ವಯಿಸುತ್ತದೆ.

ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಸ್ಕೂಟರನ್ನು ಕಾದಿರಿಸಿದವರು ಅದಕ್ಕಾಗಿ ವರ್ಷಗಟ್ಟಲೆ, ಕೆಲವೆಡೆ ಹತ್ತು ವರ್ಷಗಳವರೆಗೆ, ಕಾಯಬೇಕಾಗುತ್ತಿತ್ತೆಂಬುದನ್ನು ಈಗಿನ ವಿದ್ಯಾರ್ಥಿಗಳು ನಂಬಲಾರರು. ಕಲ್ಲೂರಿನ ಮುಖ್ಯೋಪಾಧ್ಯಾಯರು ಅಂತಹ ಕಾಯುವಿಕೆಯ ಬಳಿಕವೇ ಈ ವಾಹನವನ್ನು ಪಡೆದವರು. ಹಣ ಕಟ್ಟಿದ ರಸೀದಿಯನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ರಾಯಚೂರಿಗೆ ಮುಟ್ಟಿಸಿದ್ದು, ಹೆರಿಗೆಯ ನೋವಿನಲ್ಲಿದ್ದ ಮಡದಿಯನ್ನು ಆಸ್ಪತ್ರೆಗೆ ಸೇರಿಸಿದ್ದು ಇದರ ಮೇಲೆಯೇ. ಇಂತಹ ಸಾಮಗ್ರಿಯು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇದ್ದು, ಒಂದೊಂದಾಗಿ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ಹೊಗೆಯನ್ನು ಕಂಡು ಬೇಸತ್ತು ಮಾರಿದವರೇ ಅನೇಕರು.

೩. ಎಂಜಿನ್ನಿನ ರಚನೆ

ಹೊಗೆಯ ಅರ್ಥವನ್ನು ತಿಳಿಯಬೇಕಾದರೆ, ಎಣ್ಣೆಯು ಎಂಜಿನ್ನಿನಲ್ಲಿ ಎಲ್ಲಿರುತ್ತದೆಂಬುದನ್ನು ಮೊದಲು ತಿಳಿಯಬೇಕು.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯು ಪಿಸ್ಟನ್ನಿನ ಕೆಳಗಣ ತೊಟ್ಟಿಯಲ್ಲಿ ನಿಂತಿರುತ್ತದೆ. ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಅದನ್ನು ಮೇಲಕ್ಕೆ ಬರಗೊಡುವುದಿಲ್ಲ. ರಿಂಗು ಸವೆದರೆ ಎಣ್ಣೆ ಮೇಲೇರಿ ಸುಟ್ಟು ಹೊಗೆಯಾಗುತ್ತದೆ. “ಹೊಗೆ ಬಂದರೆ ರಿಂಗು ಹೋಯಿತು” ಎಂಬ ಗ್ಯಾರೇಜಿನ ಗಾದೆಗೆ ಇದೇ ಆಧಾರ. ಆ ಎಂಜಿನ್ನಿನ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ.

ಟೂ ಸ್ಟ್ರೋಕ್ ಎಂಜಿನ್ನಿನ ವ್ಯವಸ್ಥೆ ಬೇರೆ. ಇಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಲಾಗುತ್ತದೆ. ಪಿಸ್ಟನ್ನು ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ವಾಯುವಿನ ಒತ್ತಡ ತಗ್ಗಿ, ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲು, ಎಣ್ಣೆಗಳ ಮಿಶ್ರಣವು ಒಳಕ್ಕೆ ಸೆಳೆಯಲ್ಪಡುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಆ ಮಿಶ್ರಣವು ಪಕ್ಕದ ದಾರಿಗಳ ಮೂಲಕ ಮೇಲಿನ ದಹನಕೋಣೆಗೆ ತಳ್ಳಲ್ಪಡುತ್ತದೆ. ಮಾರ್ಗದಲ್ಲಿ ಬೇರಿಂಗುಗಳಿಗೂ ಸಿಲಿಂಡರಿನ ಗೋಡೆಗೂ ಎಣ್ಣೆ ಸವರಿ, ಉಳಿದುದು ಪೆಟ್ರೋಲಿನೊಡನೆ ಸುಟ್ಟುಹೋಗುತ್ತದೆ. ಎಣ್ಣೆಯನ್ನು ಸುಡುವುದು ಈ ಎಂಜಿನ್ನಿನ ರೋಗವಲ್ಲ, ಅದರ ಸ್ವಭಾವ. ಆದುದರಿಂದ ಕೇಳಬೇಕಾದ ಪ್ರಶ್ನೆಯು “ಎಣ್ಣೆ ಏಕೆ ಸುಡುತ್ತಿದೆ” ಎಂಬುದಲ್ಲ. “ಸುಡುತ್ತಿರುವ ಎಣ್ಣೆ ಯಾವುದು, ಅದು ಯಾವ ದಾರಿಯಿಂದ ಬಂದಿತು” ಎಂಬುದು.

ಈ ಎಂಜಿನ್ನಿನ ನೆರೆಯಲ್ಲಿಯೇ ಗೇರ್ ಬಾಕ್ಸ್ ಇದೆ. ಅದರ ಎಣ್ಣೆ ಬೇರೆ. ವೆಸ್ಪಾ ಮಾದರಿಯ ಅನೇಕ ಎಂಜಿನ್ನುಗಳಲ್ಲಿ ಸುಮಾರು ೨೫೦ ಮಿಲಿಲೀಟರು. ಕ್ರ್ಯಾಂಕಿನ ದಂಡವು ಕ್ರ್ಯಾಂಕ್ ಕೋಣೆಯಿಂದ ಹೊರಟು ಗೋಡೆಯನ್ನು ತೂರಿಕೊಂಡು ಕ್ಲಚ್ಚಿನ ಕಡೆಗೆ ಹೋಗುತ್ತದೆ. ಆ ತೂತಿನಲ್ಲಿ ದಂಡವನ್ನು ಸುತ್ತುವರಿದು ನಿಂತಿರುವುದು ಒಂದು ರಬ್ಬರಿನ ಬಳೆ; ಆಯಿಲ್ ಸೀಲ್ ಎಂದು ಅದರ ಹೆಸರು. ದಂಡದ ಇನ್ನೊಂದು ತುದಿಯಲ್ಲಿ, ಮ್ಯಾಗ್ನೆಟ್ಟಿನ ಕಡೆಗೆ, ಇಂತಹುದೇ ಇನ್ನೊಂದು ಸೀಲಿದೆ. ಕ್ಲಚ್ಚಿನ ಕಡೆಯದು ಗೇರಿನ ಎಣ್ಣೆಯನ್ನೂ, ಮ್ಯಾಗ್ನೆಟ್ಟಿನ ಕಡೆಯದು ಹೊರಗಿನ ಗಾಳಿಯನ್ನೂ ತಡೆಯುತ್ತವೆ. ಈ ಎರಡು ಬಳೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

೪. ನಿಂತಾಗ ಆಗುವ ಬದಲಾವಣೆಗಳು

ಓಡುವ ಯಂತ್ರವು ಸವೆಯುತ್ತದೆ. ನಿಂತ ಯಂತ್ರವು ಒಣಗುತ್ತದೆ, ಅಂಟುತ್ತದೆ, ತುಕ್ಕು ಹಿಡಿಯುತ್ತದೆ. ಎರಡನ್ನೂ ಒಂದೇ ಎಂದು ಭಾವಿಸಿದಲ್ಲಿಂದಲೇ ತಪ್ಪು ಮೊದಲಾಗುತ್ತದೆ.

ಪೆಟ್ರೋಲಿನ ನಲ್ಲಿಯನ್ನು ಮುಚ್ಚದೆ ಬಿಟ್ಟಿದ್ದರೆ, ಇಲ್ಲವೆ ಅದು ಸೋರುತ್ತಿದ್ದರೆ, ಮಿಶ್ರಣವು ತೊಟ್ಟಿಕ್ಕಿ ಕ್ರ್ಯಾಂಕ್ ಕೋಣೆಯನ್ನು ಸೇರಬಹುದು. ಪೆಟ್ರೋಲು ಕ್ರಮೇಣ ಆರಿಹೋಗುತ್ತದೆ. ಎಣ್ಣೆ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕಿನಲ್ಲಿಯೂ ಹೀಗೆಯೇ ನಡೆದು, ಉಳಿದ ದ್ರವದಲ್ಲಿ ಎಣ್ಣೆಯ ಪ್ರಮಾಣ ಹೆಚ್ಚುತ್ತದೆ. ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ಸೈಲೆನ್ಸರಿನ ಒಳಗೆ ವರ್ಷಗಳ ಕಾಲ ಕೂಡಿದ ಎಣ್ಣೆ ಮತ್ತು ಮಸಿ ಹಾಗೆಯೇ ಇರುತ್ತವೆ. ಪಿಸ್ಟನ್ನಿನ ರಿಂಗುಗಳು ತಮ್ಮ ಗಾಡಿಗಳಲ್ಲಿ ಅಂಟಿಕೊಳ್ಳುತ್ತವೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ರಬ್ಬರು. ಬೇಸಗೆಯಲ್ಲಿ ಉಷ್ಣತೆಯು ೪೦ ಡಿಗ್ರಿಯನ್ನು ಮೀರುವ ನಮ್ಮ ದೋಆಬ್ ಪ್ರದೇಶದಲ್ಲಿ, ಎಣ್ಣೆಯ ಪಸೆಯಿಲ್ಲದೆ ವರ್ಷಗಟ್ಟಲೆ ನಿಂತ ಸೀಲಿನ ತುಟಿ ಗಟ್ಟಿಯಾಗಿ, ದಂಡವನ್ನು ಅಪ್ಪಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಹೊಸದೊಂದು ಕಾರಣವೂ ಕೂಡಿದೆ. ಶೇಕಡಾ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟವು ಭಾರತದಲ್ಲಿ ೨೦೨೩ರಿಂದ ಮೊದಲಾಗಿದೆ. ಎಥನಾಲು ತೇವವನ್ನು ಹೀರುತ್ತದೆ. ಹಳೆಯ ಬಗೆಯ ಕೆಲವು ರಬ್ಬರುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಹಿಂದಿನ ಕಾಲದ ಸೀಲು, ಕೊಳವೆಗಳು ಇಂತಹ ಪೆಟ್ರೋಲನ್ನು ಎಣಿಸಿ ಮಾಡಿದವುಗಳಲ್ಲ.

೫. ಹೊಗೆಯ ಸಾಕ್ಷ್ಯ

ಹೊಗೆಯ ಬಣ್ಣವೊಂದರಿಂದಲೇ ನಿರ್ಣಯಕ್ಕೆ ಬರಬಾರದು. ಬಣ್ಣದ ಜತೆಗೆ ವಾಸನೆ, ಹೊತ್ತು, ಸಂದರ್ಭಗಳನ್ನು ಕೂಡಿಸಿ ನೋಡಬೇಕು.

ಎಂಜಿನ್ನು ಎದ್ದೊಡನೆ ಕಂಡು ಕೆಲವೇ ನಿಮಿಷಗಳಲ್ಲಿ ಮಾಯವಾಗುವ ತೆಳುವಾದ ಬಿಳಿಯ ಹಬೆಯು ಸಾಮಾನ್ಯವಾಗಿ ತೇವ. ಕಪ್ಪು ಹೊಗೆ, ಮಸಿ ಹಿಡಿದ ಒಣ ಪ್ಲಗ್ಗು, ಪೆಟ್ರೋಲಿನ ಘಾಟು ಇವು ಕೂಡಿ ಬಂದರೆ ಪೆಟ್ರೋಲು ಹೆಚ್ಚಾಗಿದೆ. ಚೋಕು ಸಿಕ್ಕಿಕೊಂಡಿರಬಹುದು, ಗಾಳಿಯ ಜಾಲರಿ ಕಟ್ಟಿರಬಹುದು, ಕಾರ್ಬುರೇಟರಿನ ಸೂಜಿ ಮುಚ್ಚದಿರಬಹುದು. ಸೀಮೆಎಣ್ಣೆ ಬೆರೆತ ಪೆಟ್ರೋಲು ದಟ್ಟವಾದ ಬಿಳಿ ಹೊಗೆಯನ್ನೂ ತನ್ನದೇ ಆದ ವಾಸನೆಯನ್ನೂ ಕೊಡುತ್ತದೆ.

ನೀಲಿ ಹೊಗೆ ಎಣ್ಣೆಯದು. ಅದರಲ್ಲಿಯೂ ಮೂರು ಬಗೆಗಳನ್ನು ಬೇರ್ಪಡಿಸಬೇಕು. ಮೊದಲು ವಿಪರೀತವಾಗಿದ್ದು, ಇಪ್ಪತ್ತು ಮೂವತ್ತು ಕಿಲೋಮೀಟರು ಓಡುವಷ್ಟರಲ್ಲಿ ಕಡಿಮೆಯಾಗುತ್ತ ಬಂದರೆ, ಅದು ಕ್ರ್ಯಾಂಕ್ ಕೋಣೆಯಲ್ಲಿಯೂ ಸೈಲೆನ್ಸರಿನಲ್ಲಿಯೂ ಕೂಡಿದ್ದ ಹಳೆಯ ಎಣ್ಣೆ. ಓಟವೆಲ್ಲ ಒಂದೇ ಸಮನಾಗಿದ್ದರೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯ ಪ್ರಮಾಣವನ್ನು ಸಂಶಯಿಸಬೇಕು. ವೇಗವಾಗಿ ಓಡುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಗಾಡಿಯನ್ನು ಗೇರಿನಲ್ಲಿಯೇ ಹರಿಯಗೊಟ್ಟು, ಮತ್ತೆ ತಿರುವಿದೊಡನೆ ಮೋಡದಂತೆ ಹೊಗೆ ಎದ್ದರೆ, ಅದು ಬಹುಶಃ ಗೇರಿನ ಎಣ್ಣೆ. ಆಕ್ಸಿಲರೇಟರು ಮುಚ್ಚಿದಾಗ ಕ್ರ್ಯಾಂಕ್ ಕೋಣೆಯ ಸೆಳೆತ ಹೆಚ್ಚುತ್ತದೆ. ಸೀಲು ಬಿಗಿಯಿಲ್ಲದಿದ್ದರೆ ಕಾರ್ಬುರೇಟರಿನಿಂದ ಬರಲಾರದುದನ್ನು ಅದು ಗೇರ್ ಬಾಕ್ಸಿನಿಂದ ಸೆಳೆದುಕೊಳ್ಳುತ್ತದೆ.

ಹೊಗೆಯೇ ಇಲ್ಲದ ರೋಗವೊಂದಿದೆ. ಅದೇ ಹೆಚ್ಚು ಅಪಾಯಕರ. ಮ್ಯಾಗ್ನೆಟ್ಟಿನ ಕಡೆಯ ಸೀಲು ಹೋದರೆ ಒಳಕ್ಕೆ ಬರುವುದು ಎಣ್ಣೆಯಲ್ಲ, ಗಾಳಿ. ಮಿಶ್ರಣವು ತೆಳುವಾಗಿ, ಆಕ್ಸಿಲರೇಟರನ್ನು ಬಿಟ್ಟರೂ ಎಂಜಿನ್ನು ತಾನಾಗಿ ಜೋರಾಗಿ ತಿರುಗುತ್ತದೆ. ಪ್ಲಗ್ಗಿನ ತುದಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಕಾವೇರಿ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೊಗೆಗೆ ಹೆದರಿ ಪೆಟ್ರೋಲಿನಲ್ಲಿ ಎಣ್ಣೆಯನ್ನು ತೀರ ಕಡಿಮೆ ಮಾಡಿದವರಿಗೂ ಇದೇ ಗತಿ.

ಇನ್ನು ರಿಂಗುಗಳ ಮಾತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ರಿಂಗು ಸವೆದರೆ ಅಥವಾ ಅಂಟಿಕೊಂಡರೆ ಅದಕ್ಕೆ ಮುಖ್ಯ ಸಾಕ್ಷಿ ಹೊಗೆಯಲ್ಲ, ಬಲಹೀನತೆ. ಕಿಕ್ಕು ಹಗುರಾಗಿ ಇಳಿಯುತ್ತದೆ, ಎಂಜಿನ್ನು ಕಷ್ಟಪಟ್ಟು ಏಳುತ್ತದೆ, ಏರಿನಲ್ಲಿ ಸೋಲುತ್ತದೆ. ಅಲ್ಲಿ ಎಣ್ಣೆಯು ಎರಡೂ ಕಡೆ ಮೊದಲೇ ಇರುವುದರಿಂದ, ರಿಂಗು ತಡೆಯಬೇಕಾದ ಎಣ್ಣೆಯ ತೊಟ್ಟಿ ಎಂಬುದೇ ಇಲ್ಲ. ಫೋರ್ ಸ್ಟ್ರೋಕಿನ ಗಾದೆಯನ್ನು ಟೂ ಸ್ಟ್ರೋಕಿಗೆ ಹಚ್ಚುವುದು, ಒಂದು ರಾಜವಂಶದ ಬಿರುದನ್ನು ಕಂಡು ಅದೇ ಬಿರುದಿನ ಮತ್ತೊಂದು ವಂಶದ ಶಾಸನದ ಕಾಲವನ್ನು ನಿರ್ಣಯಿಸಿದಂತೆ.

೬. ಪರೀಕ್ಷೆಯ ಕ್ರಮ

ಕ್ರಮಕ್ಕೆ ನಾವು ಒಂದೇ ನಿಯಮವನ್ನಿಟ್ಟುಕೊಂಡೆವು: ಹಿಂದಕ್ಕೆ ತೆಗೆದುಕೊಳ್ಳಬಹುದಾದ ಕೆಲಸಗಳು ಮೊದಲು, ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸಗಳು ಕೊನೆಗೆ. ಸಿಲಿಂಡರನ್ನು ಬೋರ್ ಮಾಡಿಸುವುದೆಂದರೆ ಅದರ ಒಳಗೋಡೆಯನ್ನು ಕೊರೆದು ಅಗಲಿಸಿ, ಅಳತೆಯಲ್ಲಿ ಒಂದು ಹಂತ ದೊಡ್ಡದಾದ ಪಿಸ್ಟನ್ನನ್ನು ಹಾಕಿಸುವುದು. ಕೊರೆದ ಲೋಹ ಮರಳಿ ಬಾರದು. ಉತ್ಖನನ ಮಾಡಿದ ನೆಲದಂತೆಯೇ ಅದು ಒಂದು ಬಾರಿ ಮಾತ್ರ ಓದಬಹುದಾದ ಪುಟ.

ಮೊದಲನೆಯ ಹಂತ, ಎಂಜಿನ್ನನ್ನು ಎಬ್ಬಿಸುವುದಕ್ಕೆ ಮುಂಚಿನದು. ನಿಂತ ಗಾಡಿಗೆ ಒಮ್ಮೆಲೇ ಕಿಕ್ಕು ಹೊಡೆಯತಕ್ಕದ್ದಲ್ಲ. ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಒಂದೆರಡು ಚಮಚ ತೆಳುವಾದ ಎಣ್ಣೆಯನ್ನು ಬಿಟ್ಟು ರಾತ್ರಿಯೆಲ್ಲ ಬಿಡಬೇಕು. ಮರುದಿನ ಕಿಕ್ಕಿನ ಕೋಲನ್ನು ಕೈಯಿಂದಲೇ ಮೆಲ್ಲನೆ ಒತ್ತಿ ಎಂಜಿನ್ನನ್ನು ತಿರುಗಿಸಬೇಕು. ಅಡ್ಡಿಯಾದರೆ ಬಲವನ್ನು ಪ್ರಯೋಗಿಸದೆ, ಮತ್ತೊಂದು ದಿನ ಕಾಯಬೇಕು. ಅಂಟಿದ ರಿಂಗು ಎಷ್ಟೋ ಸಲ ಇಷ್ಟರಿಂದಲೇ ಬಿಡಿಸಿಕೊಳ್ಳುತ್ತದೆ.

ಎರಡನೆಯದು, ಹಳೆಯದನ್ನೆಲ್ಲ ಹೊರಹಾಕುವುದು. ಟ್ಯಾಂಕನ್ನು ಬರಿದು ಮಾಡಿ ತೊಳೆದು, ಕಾರ್ಬುರೇಟರನ್ನು ಬಿಚ್ಚಿ ಶುಚಿಮಾಡಿ, ಹೊಸ ಪೆಟ್ರೋಲಿಗೆ ತಯಾರಕರು ಹೇಳಿದ ಪ್ರಮಾಣದಲ್ಲಿ ಟೂ ಸ್ಟ್ರೋಕಿನ ಎಣ್ಣೆಯನ್ನು ಅಳೆದು ಬೆರೆಸಬೇಕು. ಶೇಕಡಾ ೨ ಎಂದು ಹೇಳಿದ್ದರೆ ಲೀಟರಿಗೆ ೨೦ ಮಿಲಿಲೀಟರು. ಅಂದಾಜಿನ ಕೈ ಇಲ್ಲಿ ಮೋಸಮಾಡುತ್ತದೆ. ಈ ಕೆಲಸಗಳೆಲ್ಲ ಬೆಂಕಿಯಿಂದ ದೂರವಾಗಿ ಬಯಲಿನಲ್ಲಿ ನಡೆಯಬೇಕು. ಎಂಜಿನ್ನಿನ ಹೊಗೆಯಲ್ಲಿ ವಿಷಾನಿಲವಿರುವುದರಿಂದ ಮುಚ್ಚಿದ ಕೋಣೆಯಲ್ಲಿ ಅದನ್ನು ಚಾಲೂ ಮಾಡಲೇಬಾರದು.

ಮೂರನೆಯದು, ಗೇರಿನ ಎಣ್ಣೆಯ ಲೆಕ್ಕ. ಹಳೆಯ ಎಣ್ಣೆಯನ್ನು ಇಳಿಸಿ, ಹೊಸದನ್ನು ಅಳೆದು ಹಾಕಿ, ಹೊರಮೈಯನ್ನು ಒರೆಸಿ ಒಣಗಿಸಿ ಗಾಡಿಯನ್ನು ಓಡಿಸಬೇಕು. ಅನಂತರ ಸಮತಟ್ಟಾದ ನೆಲದ ಮೇಲೆ, ಎಂಜಿನ್ನು ಬಿಸಿಯಾಗಿರುವಾಗಲೇ, ಎಣ್ಣೆಯನ್ನು ಇಳಿಸಿ ಅಳೆಯಬೇಕು. ಕಡಿಮೆಯಾಗಿದ್ದು ಹೊರಗೆ ಸೋರಿಕೆಯ ಗುರುತಿಲ್ಲವಾದರೆ, ಎಣ್ಣೆ ಒಳಕ್ಕೆ ಹೋಗಿದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಸೀಲಿನ ಬಿರುಕಿನಲ್ಲಿ ಸಂಚಾರವು ಎರಡು ಕಡೆಗೂ ನಡೆಯುತ್ತದೆ. ಪಿಸ್ಟನ್ನು ಇಳಿಯುವಾಗ ಪೆಟ್ರೋಲಿನ ಮಿಶ್ರಣವು ಗೇರ್ ಬಾಕ್ಸಿಗೆ ತಳ್ಳಲ್ಪಟ್ಟು ಅಳತೆಯ ಕೊರತೆಯನ್ನು ಮರೆಮಾಡಬಹುದು. ಆದುದರಿಂದ ಇಳಿಸಿದ ಎಣ್ಣೆಯ ವಾಸನೆಯನ್ನೂ ನೋಡಬೇಕು.

ನಾಲ್ಕನೆಯದು, ಸಿಲಿಂಡರಿನ ತಲೆಯನ್ನು ಬಿಚ್ಚಿ ನೋಡುವುದು. ಇದಕ್ಕೆ ಕೆಲವು ನಟ್ಟುಗಳನ್ನು ತೆಗೆದರೆ ಸಾಕು. ಪಿಸ್ಟನ್ನಿನ ನೆತ್ತಿಯ ಮೇಲಿನ ಮಸಿಯನ್ನು ಮರದ ಚೂರಿನಿಂದ ಕೆರೆದು ತೆಗೆದರೆ, ಅದರ ಅಳತೆಯ ಅಂಕೆ ಹಲವು ಪಿಸ್ಟನ್ನುಗಳಲ್ಲಿ ಅಚ್ಚೊತ್ತಿರುವುದು ಕಾಣುತ್ತದೆ. ಹಿಂದೆ ಬೋರ್ ಆಗಿದೆಯೇ, ಆಗಿದ್ದರೆ ಯಾವ ಹಂತಕ್ಕೆ ಎಂಬುದನ್ನು ಆ ಅಂಕೆ ಹೇಳುತ್ತದೆ. ಗೋಡೆಯಲ್ಲಿ ಗೀರುಗಳಿವೆಯೇ, ಪಿಸ್ಟನ್ನು ಅಲುಗಾಡುತ್ತದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು.

ಈ ನಾಲ್ಕು ಹಂತಗಳೂ ಮುಗಿದ ಮೇಲೆಯೇ ಎಂಜಿನ್ನನ್ನು ಇಬ್ಭಾಗ ಮಾಡುವ ಮಾತು ಬರಬೇಕು.

೭. ಕಲ್ಲೂರಿನಲ್ಲಿ ಕಂಡದ್ದು

ಮುಖ್ಯೋಪಾಧ್ಯಾಯರ ಸ್ಕೂಟರಿನ ಟ್ಯಾಂಕಿನಲ್ಲಿ ಕಂದು ಬಣ್ಣದ ಮಡ್ಡಿಯಷ್ಟೇ ಉಳಿದಿತ್ತು. ಅದನ್ನು ತೆಗೆದು ಶುಚಿಮಾಡಿ, ಹೊಸ ಮಿಶ್ರಣ ಹಾಕಿ, ಊರಿನ ಸುತ್ತ ಒಂದು ಮಧ್ಯಾಹ್ನವೆಲ್ಲ ನಡೆಸಿದಾಗ ಹೊಗೆ ಕ್ರಮೇಣ ತಗ್ಗಿತು. ಸೈಲೆನ್ಸರಿನ ಹಳೆಯ ಎಣ್ಣೆ ಸುಟ್ಟುಹೋಯಿತು, ರೋಗ ವಾಸಿಯಾಯಿತು ಎಂದು ನಾವು ಸಂತೋಷದಿಂದ ಹೇಳಿ ರಾಯಚೂರಿಗೆ ಮರಳಿದೆವು. ಒಂದು ವಾರದೊಳಗೆ ಫೋನು ಬಂದಿತು: “ಸರ, ಮತ್ತ ಹೊಗಿ ಬಿಡ್ಲಿಕ್ಕತ್ತದ ನೋಡ್ರಿ.”

ಇಲ್ಲಿ ತಪ್ಪು ನಮ್ಮದು. ನಾವು ಗಾಡಿಯನ್ನು ಪರೀಕ್ಷಿಸಿದ್ದು ಓಣಿಗಳಲ್ಲಿ, ಮೊದಲ ಮತ್ತು ಎರಡನೆಯ ಗೇರುಗಳಲ್ಲಿ. ಸೀಲಿನ ದೋಷವನ್ನು ಹೊರಗೆಡಹತಕ್ಕ ಸಂದರ್ಭವನ್ನೇ, ಎಂದರೆ ವೇಗದ ಓಟದಲ್ಲಿ ಆಕ್ಸಿಲರೇಟರನ್ನು ಬಿಡುವುದನ್ನೇ, ನಾವು ಮಾಡಿರಲಿಲ್ಲ. ಸಿಕ್ಕ ಕಾರಣವೊಂದು ನಿಜವಾಗಿತ್ತು. ಅದೊಂದೇ ಕಾರಣವೆಂಬುದು ನಿಜವಾಗಿರಲಿಲ್ಲ. ಗೇರಿನ ಎಣ್ಣೆಯನ್ನು ಅಳೆಯುವ ಹಂತವನ್ನು, ಅದರ ಅಗತ್ಯವಿಲ್ಲವೆಂದು ಬಿಟ್ಟಿದ್ದೆವು.

ಎರಡನೆಯ ಸಲ ಹೋದಾಗ ರಸಾಯನಶಾಸ್ತ್ರದ ಸಹೋದ್ಯೋಗಿಗಳಿಂದ ಅಳತೆಯ ಜಾಡಿಯನ್ನು ಎರವಲು ಪಡೆದುಕೊಂಡೆವು. ೨೫೦ ಮಿಲಿಲೀಟರು ಎಣ್ಣೆ ಹಾಕಿ, ಮೊಮ್ಮಗನಿಂದ ಸಿರವಾರದ ರಸ್ತೆಯಲ್ಲಿ ಒಟ್ಟು ಸುಮಾರು ೮೦ ಕಿಲೋಮೀಟರು ಓಡಿಸಿ, ಇಳಿಸಿ ನೋಡಿದಾಗ ಸಿಕ್ಕಿದ್ದು ೧೬೦ ಮಿಲಿಲೀಟರು. ಎಂಜಿನ್ನಿನ ಹೊರಮೈ ಒಣಗಿಯೇ ಇತ್ತು. ಇಳಿಸಿದ ಎಣ್ಣೆಯಲ್ಲಿ ಪೆಟ್ರೋಲಿನ ವಾಸನೆ ಸ್ಪಷ್ಟವಾಗಿತ್ತು. ಆಕ್ಸಿಲರೇಟರನ್ನು ಬಿಟ್ಟು ತಿರುವಿದಾಗಲೆಲ್ಲ ಹಿಂದೆ ನೀಲಿಯ ಮೋಡ ಏಳುತ್ತಿತ್ತು. ಮೂರು ಸಾಕ್ಷ್ಯಗಳೂ ಒಂದೇ ಕಡೆಗೆ ಬೆರಳು ತೋರಿದವು.

ಅನಂತರ ಸಿಲಿಂಡರಿನ ತಲೆಯನ್ನು ಬಿಚ್ಚಿಸಿದೆವು. ಗೋಡೆ ನುಣುಪಾಗಿತ್ತು, ಗೀರುಗಳಿರಲಿಲ್ಲ. ಪಿಸ್ಟನ್ನಿನ ನೆತ್ತಿಯ ಅಂಕೆಯು, ಆ ಸಿಲಿಂಡರು ಹಿಂದೆಯೇ ಬೋರ್ ಆಗಿ, ಪಿಸ್ಟನ್ನು ದೊರೆಯುವ ಕೊನೆಯ ಅಳತೆಯನ್ನು ಮುಟ್ಟಿತ್ತೆಂಬುದನ್ನು ತಿಳಿಸಿತು. ಮೊದಲ ತೀರ್ಪಿನಂತೆ ಇನ್ನೊಮ್ಮೆ ಕೊರೆಸಿದ್ದರೆ ಅದಕ್ಕೆ ಹೊಂದುವ ಪಿಸ್ಟನ್ನು ಸಿಕ್ಕುತ್ತಿರಲಿಲ್ಲ, ಹೊಗೆಯೂ ನಿಲ್ಲುತ್ತಿರಲಿಲ್ಲ. ಅಲ್ಲಿಂದ ಗುಜರಿಯ ಅಂಗಡಿಗೆ ದಾರಿ ಬಹಳ ದೂರವಿರಲಿಲ್ಲ.

ಮೇಸ್ತ್ರಿಗೆ ನ್ಯಾಯ ಸಲ್ಲಿಸಲು ಒಂದು ಮಾತನ್ನು ಹೇಳಬೇಕು. ಎಂಜಿನ್ನು ಬಿಚ್ಚಬೇಕೆಂದು ಆತ ಹೇಳಿದುದು ಸುಳ್ಳಾಗಲಿಲ್ಲ. ಆ ಮಾದರಿಯಲ್ಲಿ ಕ್ಲಚ್ಚಿನ ಕಡೆಯ ಸೀಲನ್ನು ಬದಲಿಸಲು ಎಂಜಿನ್ನನ್ನು ಇಬ್ಭಾಗ ಮಾಡಲೇಬೇಕಾಯಿತು. ಆ ಕೆಲಸವನ್ನು ನಿಷ್ಠೆಯಿಂದ ಮಾಡಿದವನೂ ಆತನೇ. ಜಾಡಿಯಲ್ಲಿ ಕೊರತೆಯನ್ನು ಕಂಡಾಗ ಆತ ವಾದಿಸಲಿಲ್ಲ. “ಹಂಗಾದ್ರ ಸೀಲೇ ರೀ” ಎಂದನು. ಬಿಚ್ಚಿದ ಹೊತ್ತಿನಲ್ಲಿ ಎರಡೂ ಕಡೆಯ ಸೀಲುಗಳನ್ನು, ಎಥನಾಲನ್ನು ತಾಳತಕ್ಕ ರಬ್ಬರಿನವನ್ನೇ ಹುಡುಕಿ ಹಾಕಿಸಲಾಯಿತು. ಹೊರತೆಗೆದ ಹಳೆಯ ಸೀಲನ್ನು ಬೆರಳಿನಿಂದ ಬಾಗಿಸಿದರೆ ಹಪ್ಪಳದಂತೆ ಮುರಿಯಿತು. ಸಿಲಿಂಡರು, ಪಿಸ್ಟನ್ನು, ರಿಂಗುಗಳು ಮೊದಲಿದ್ದಂತೆಯೇ ಮರಳಿ ಕೂತವು. ಮತ್ತೆ ಅಷ್ಟೇ ದೂರ ಓಡಿಸಿ ಅಳೆದಾಗ ಎಣ್ಣೆಯಲ್ಲಿ ಗಮನಾರ್ಹವಾದ ಕೊರತೆ ಕಾಣಲಿಲ್ಲ. ಹೊಗೆ ಈಗಲೂ ಇದೆ. ಟೂ ಸ್ಟ್ರೋಕಿಗೆ ಇರಬೇಕಾದಷ್ಟು.

ಇದರೊಡನೆ ಕಾನೂನಿನ ಹಂತವೊಂದು ಉಳಿಯುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಇಂತಹ ವಾಹನದ ನೋಂದಣಿಯು ೧೫ ವರ್ಷಗಳವರೆಗೆ ಮಾತ್ರ ಸಲ್ಲುತ್ತದೆ. ಅನಂತರ ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಹೊಗೆಯ ತಪಾಸಣೆಯ ಪ್ರಮಾಣಪತ್ರವೂ ಬೇಕು. ನಿಂತ ವಾಹನವನ್ನು ರಸ್ತೆಗೆ ತರುವವರು ಕಾಗದಪತ್ರಗಳನ್ನೂ ವಿಮೆಯನ್ನೂ ಮೊದಲೇ ಸರಿಪಡಿಸಿಕೊಳ್ಳುವುದು ಲೇಸು. ಮುಖ್ಯೋಪಾಧ್ಯಾಯರು ಎಂಜಿನ್ನಿಗೆ ಕೈಹಾಕುವ ಮುಂಚೆಯೇ ಇವೆಲ್ಲವನ್ನೂ ಮಾಡಿಸಿ ಇಟ್ಟಿದ್ದರು.

೮. ಫೋರ್ ಸ್ಟ್ರೋಕ್ ಸ್ಕೂಟರುಗಳ ವಿಷಯ

ಇಂದಿನ ಪೆಟ್ರೋಲ್ ಸ್ಕೂಟರುಗಳು ಫೋರ್ ಸ್ಟ್ರೋಕಿನವಾದುದರಿಂದ, ಮುಂದೆ ಪಡಸಾಲೆಗಳಲ್ಲಿ ನಿಲ್ಲುವವುಗಳ ಬಗೆಗೂ ಸಂಕ್ಷೇಪವಾಗಿ ಹೇಳಬೇಕು. ಅವುಗಳಲ್ಲಿ ನೀಲಿ ಹೊಗೆ ಸ್ವಭಾವವಲ್ಲ, ದೋಷವೇ. ಮೊದಲು ಎಣ್ಣೆಯ ಮಟ್ಟವನ್ನು ನೋಡಬೇಕು. ಗುರುತಿಗಿಂತ ಮೇಲಿದ್ದು ಪೆಟ್ರೋಲಿನ ವಾಸನೆಯಿದ್ದರೆ ಕಾರ್ಬುರೇಟರಿನಿಂದ ಪೆಟ್ರೋಲು ಇಳಿದಿದೆ, ಆ ಎಣ್ಣೆಯನ್ನು ಬದಲಿಸದೆ ಓಡಿಸಬಾರದು. ಎಂಜಿನ್ನು ಎದ್ದಾಗ ಮಾತ್ರ ಹೊಗೆ ಬಂದು ನಿಂತರೆ ವಾಲ್ವುಗಳ ರಬ್ಬರಿನ ಸೀಲುಗಳು ಗಟ್ಟಿಯಾಗಿರಬಹುದು. ಭಾರ ಬಿದ್ದಾಗಲೆಲ್ಲ ಹೊಗೆ ಬಂದರೆ ರಿಂಗುಗಳನ್ನು ಸಂಶಯಿಸಬೇಕು. ಒತ್ತಡವನ್ನು ಅಳೆದು, ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗಿನ ಮೇಲಿನ ಸಂಶಯ ಬಲವಾಗುತ್ತದೆ. ಏರದಿದ್ದರೆ ವಾಲ್ವುಗಳ ಕಡೆ ನೋಡಬೇಕು. ಅಂಟಿಕೊಂಡ ರಿಂಗು ಕೆಲವು ನೂರು ಕಿಲೋಮೀಟರುಗಳ ಓಟದಲ್ಲಿ ತಾನಾಗಿ ಬಿಡಿಸಿಕೊಳ್ಳುವುದೂ ಉಂಟು. ಆ ಅವಧಿಯಲ್ಲಿ ಎಣ್ಣೆಯ ಮಟ್ಟವನ್ನು ಆಗಾಗ್ಗೆ ನೋಡುತ್ತಿದ್ದರೆ ಸಾಕು.

೯. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಫಲಿಸುವುದು ಇಷ್ಟು. ಒಂದೇ ಚಿಹ್ನೆ ಎರಡು ರಚನೆಗಳಲ್ಲಿ ಎರಡು ಅರ್ಥಗಳನ್ನು ಕೊಡುತ್ತದೆ. ಆದುದರಿಂದ ಚಿಹ್ನೆಯನ್ನು ಓದುವ ಮುಂಚೆ ರಚನೆಯನ್ನು ಓದಬೇಕು. ಓಡಿ ಸವೆದ ಯಂತ್ರದ ರೋಗಗಳನ್ನು ನಿಂತು ಒಣಗಿದ ಯಂತ್ರದ ಮೇಲೆ ಹೊರಿಸಬಾರದು. ಅಳೆಯಬಹುದಾದುದನ್ನು ಊಹಿಸಬಾರದು. ಮರಳಿ ಪಡೆಯಲಾಗದುದನ್ನು ಕೊನೆಯವರೆಗೂ ಮುಟ್ಟಬಾರದು.

ನಮ್ಮ ವಿದ್ಯಾರ್ಥಿಗಳು ತಮ್ಮ ಊರುಗಳಿಗೆ ಹೋದಾಗ ವೀರಗಲ್ಲು, ಮಾಸ್ತಿಗಲ್ಲುಗಳ ಜತೆಗೆ ಕೊಟ್ಟಿಗೆ, ಪಡಸಾಲೆಗಳ ಮೂಲೆಗಳನ್ನೂ ನೋಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಅಲ್ಲಿ ನಿಂತಿರುವ ವಾಹನದ ಮಾದರಿ, ಕೊಂಡ ವರ್ಷ, ಕಾದ ಅವಧಿ, ಉಳಿದ ರಸೀದಿ, ಅದರ ಮೇಲೆ ಸಾಗಿದ ಕೆಲಸಗಳು ಇವನ್ನು ಬರೆದುಕೊಳ್ಳಬೇಕು. ಪೆಟ್ರೋಲಿನ ನಲ್ಲಿ ತೆರೆದಿದ್ದರೆ ಮುಚ್ಚಿ ಬರಬೇಕು. ಕಲ್ಲೂರಿನ ಸ್ಕೂಟರು ಈಗ ವಾರಕ್ಕೊಮ್ಮೆ ಮಹಾಲಕ್ಷ್ಮಿಯ ಗುಡಿಯವರೆಗೆ ಹೋಗಿ ಬರುತ್ತದೆ. ಮೊಮ್ಮಗನು ನಡೆಸುತ್ತಾನೆ, ಮುಖ್ಯೋಪಾಧ್ಯಾಯರು ಹಿಂದೆ ಕೂಡುತ್ತಾರೆ. ಮುರಿದ ಸೀಲು ನಮ್ಮ ವಿಭಾಗದ ಕಪಾಟಿನಲ್ಲಿ, ಸ್ಥಳ ಮತ್ತು ತಾರೀಖನ್ನು ಬರೆದ ಚೀಟಿಯೊಡನೆ ಇದೆ, ಆಸಕ್ತರು ನೋಡಬಹುದು.